ಮೆಟ್ಟುಗತ್ತಿಯ ಮುಂದೆ ಕೂರುವ ಅಕ್ಕತಂಗಿಯರಿಗೆ



ನವರಾತ್ರಿ ಬಂತು. ದೀಪಾವಳಿ ಕಳೆಯುತ್ತಿದ್ದಂತೆ ಅಡಿಕೆ ಕೊನೆ ಕೊಯ್ಲು ಶುರುವಾಗುತ್ತದೆ. ಶಿರಸಿ, ಸಿದ್ದಾಪುರ, ಸಾಗರದ ಹಳ್ಳಿಗಳಲ್ಲಿ ಮತ್ತೆ ಚಪ್ಪರದಡಿ ದೀಪ ಹತ್ತುತ್ತದೆ, ಮೆಟ್ಟುಗತ್ತಿಗಳು ಸಾಲಾಗುತ್ತವೆ, ಸುಲಿಯಲು ನಮಗೆಲ್ಲ ಕರೆ ಬರುತ್ತದೆ. ಕೊಟ್ಟಿಗೆ ಕೆಲಸ, ಊಟ, ಪಾತ್ರೆ ಮುಗಿಸಿ ಎಂಟು ಗಂಟೆಗೆ ಕೂತರೆ ಏಳುವುದು ಹನ್ನೊಂದಕ್ಕೋ ಹನ್ನೆರಡಕ್ಕೋ. ಏಳುವ ಹೊತ್ತಿನ ಆ ಸದ್ದು ನಿಮಗೆಲ್ಲ ಗೊತ್ತು. ಒಂದು ಕೈ ನೆಲಕ್ಕೆ, ಒಂದು ಕೈ ಮಂಡಿಗೆ, ಬಾಯಲ್ಲಿ ‘ಅಯ್ಯಬ್ಬಾ’. ಚಪ್ಪರದ ಈ ತುದಿಯಿಂದ ಆ ತುದಿಯವರೆಗೆ ಅದೇ ಉಸಿರು. ಅಷ್ಟರಲ್ಲಿ ಯಾರೋ ಒಬ್ಬರು, ‘ಅಡಿಕೆ ಸುಲಿಯೋರಿಗೆ ಸೊಂಟ ಎಲ್ಲಿಂದ ಬರ್ಬೇಕು’ ಎನ್ನುತ್ತಾರೆ. ಎಲ್ಲರೂ ನಕ್ಕು, ಟಾರ್ಚ್ ಹಿಡಿದು ಮನೆಯ ದಾರಿ ಹಿಡಿಯುತ್ತೇವೆ.

ನಾನೂ ಇಪ್ಪತ್ತು ವರ್ಷ ಹಾಗೆ ನಕ್ಕೆ. ಈ ಸಲ ನಗುವ ಮೊದಲು ನಿಮಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿತು. ಚಪ್ಪರದಡಿ ಹೇಳೋಣವೆಂದರೆ ಅಲ್ಲಿ ಮಾತು ಅರ್ಧಕ್ಕೇ ಹರಿಯುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಈ ಮಳೆಗಾಲದಲ್ಲಿ ನಾನು ಮೊದಲ ಸಲ ಅಕ್ಯುಪಂಕ್ಚರ್ ಮಾಡಿಸಿಕೊಂಡೆ. ಸೂಜಿ ಚುಚ್ಚಿ ನೋವು ಇಳಿಸುವ ಚಿಕಿತ್ಸೆ ಅದು. ‘ಹೇಗಿತ್ತು, ನೋಯ್ತಾ, ಗುಣ ಆಯ್ತಾ’ ಎಂದು ಬಾವಿಕಟ್ಟೆಯಲ್ಲಿ, ಹಾಲಿನ ಡೇರಿಯ ಮುಂದೆ ಕೇಳಿದವರಿಗೆಲ್ಲ ಒಂದೊಂದು ತುಂಡು ಉತ್ತರ ಕೊಟ್ಟಿದ್ದೇನೆ. ಇಲ್ಲಿ ಇಡಿಯಾಗಿ ಹೇಳುತ್ತೇನೆ.

ಮೊದಲು, ನಾನು ಅಲ್ಲಿಗೆ ಹೋದದ್ದು ಯಾಕೆಂದು ಹೇಳಬೇಕು. ಹಗಲು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ಸುಗ್ಗಿಯಲ್ಲಿ ರಾತ್ರಿ ನಿಮ್ಮ ಜೊತೆ ಸುಲಿಯುತ್ತೇನೆ. ಆರು ವರ್ಷದಿಂದ ಸೊಂಟ ಹಿಡಿದಿತ್ತು. ಬೆಳಿಗ್ಗೆ ಹಾಸಿಗೆಯಿಂದ ನೇರವಾಗಿ ಏಳಲು ಆಗುತ್ತಿರಲಿಲ್ಲ, ಮಗ್ಗುಲಾಗಿ ಹೊರಳಿ ಗೋಡೆ ಹಿಡಿದು ಏಳಬೇಕು. ನಾನು ಮಾಡಿದ್ದು ನೀವು ಮಾಡುತ್ತಿರುವುದನ್ನೇ. ಮೆಡಿಕಲ್ ಶಾಪಿಗೆ ಹೋಗಿ ‘ನೋವಿನ ಗುಳಿಗೆ ಕೊಡಿ’ ಅನ್ನುವುದು. ಚೀಟಿ ಇಲ್ಲ, ಲೆಕ್ಕ ಇಲ್ಲ. ಸುಗ್ಗಿಯ ಮೂರು ತಿಂಗಳು ದಿನಕ್ಕೆ ಎರಡರಂತೆ ನುಂಗಿದೆ. ಹೋದ ಮಾರ್ಚಿನಲ್ಲಿ ಕಾಲು ಬಾತು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಹೇಳಿದ್ದು ಇಷ್ಟು: ಕ್ರಿಯಾಟಿನಿನ್ ಗಡಿ ದಾಟಿದೆ, ಬಿ.ಪಿ. ಏರಿದೆ, ಈ ಗುಳಿಗೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ, ಇವತ್ತಿಗೇ ನಿಲ್ಲಿಸಿ. ಗುಳಿಗೆ ನಿಲ್ಲಿಸಿದೆ. ಮೂತ್ರಪಿಂಡ ಸುಧಾರಿಸಿತು. ನೋವು ಮಾತ್ರ ಇದ್ದಲ್ಲೇ ಇತ್ತು.

ಎಕ್ಸ್‌ರೇಯಲ್ಲಿ ಸವೆತ ಬಿಟ್ಟರೆ ಗಾಬರಿಪಡುವಂಥದ್ದು ಏನೂ ಕಾಣಲಿಲ್ಲ. ಅದೇ ಡಾಕ್ಟರು ಕೆಲವು ವ್ಯಾಯಾಮ ಹೇಳಿಕೊಟ್ಟು, ‘ಗುಳಿಗೆ ತಿನ್ನದೆ ನೋವು ಇಳಿಸುವ ದಾರಿ ಬೇಕಿದ್ದರೆ ಅಕ್ಯುಪಂಕ್ಚರ್ ಒಂದು ಸಲ ನೋಡಬಹುದು, ಆದರೆ ಸರಿಯಾಗಿ ಓದಿದವರ ಹತ್ತಿರ ಹೋಗಿ’ ಎಂದರು. ಆ ಕೊನೆಯ ಮಾತಿನ ತೂಕ ನನಗೆ ಆಗ ಗೊತ್ತಾಗಲಿಲ್ಲ.

ಯಾಕೆಂದರೆ ನಾನು ಮೊದಲು ಹೋದದ್ದು ಪೇಟೆಯ ಒಂದು ಶಿಬಿರಕ್ಕೆ. ಆಟೋದಲ್ಲಿ ಮೈಕ್ ಕಟ್ಟಿ ಕೂಗಿಕೊಂಡು ಹೋಗಿದ್ದರು: ಔಷಧಿ ಇಲ್ಲದೆ, ಆಪರೇಷನ್ ಇಲ್ಲದೆ ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್, ಸೊಂಟನೋವು ಎಲ್ಲ ಗುಣ. ಕಲ್ಯಾಣ ಮಂಟಪದಲ್ಲಿ ಮಂಚ ಹಾಕಿದ್ದರು. ಸ್ಟೀಲ್ ತಟ್ಟೆಯೊಂದರಲ್ಲಿ ಸೂಜಿಗಳಿದ್ದವು. ಒಬ್ಬರ ಕಾಲಿಂದ ತೆಗೆದದ್ದನ್ನು ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿ ಅದೇ ತಟ್ಟೆಗೆ ಹಾಕುವುದನ್ನು ನಾನು ಕಣ್ಣಾರೆ ಕಂಡೆ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಹೆಪಟೈಟಿಸ್ ಬಿ ಹೋಗುವುದಿಲ್ಲ. ನಾನು ಸರದಿ ಬಿಟ್ಟು ಎದ್ದು ಬಂದೆ. ನಮ್ಮ ಕೇರಿಯ ಅತ್ತೆಯೊಬ್ಬರು ಉಳಿದರು. ಅಲ್ಲಿಯವರ ಮಾತು ಕೇಳಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಮೂರು ವಾರದಲ್ಲಿ ಸಕ್ಕರೆ ನಾನೂರು ದಾಟಿ ಆಸ್ಪತ್ರೆ ಸೇರಬೇಕಾಯಿತು. ಅವರು ಇವತ್ತು ಚೆನ್ನಾಗಿದ್ದಾರೆ, ನಮ್ಮ ಪುಣ್ಯ. ಈ ಪತ್ರ ಓದಿ ನೀವು ಸೂಜಿ ಚಿಕಿತ್ಸೆಗೆ ಹೊರಟರೆ ಆ ಅತ್ತೆಯನ್ನು ಮೊದಲು ನೆನೆಯಿರಿ.

ಎರಡನೇ ಸಲ ವಿಚಾರಿಸಿಕೊಂಡು ಹೋದೆ. ಪೇಟೆಯ ಆಸ್ಪತ್ರೆಯೊಂದಕ್ಕೆ ವಾರಕ್ಕೆ ಎರಡು ದಿನ ಬರುವ ಡಾಕ್ಟರ್, ಮೂವತ್ತು ದಾಟದ ಹುಡುಗಿ. ಓದಿದ್ದು ಬಿ.ಎನ್.ವೈ.ಎಸ್., ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು ಅದು. ನಮ್ಮ ಉಜಿರೆಯಲ್ಲಿ 1989ರಿಂದ ಆ ಕಾಲೇಜು ನಡೆಯುತ್ತಿದೆ. ಶರೀರ ರಚನೆ, ರೋಗ ಪತ್ತೆ ಎಲ್ಲ ಕಲಿತ ಮೇಲೆ ಅಕ್ಯುಪಂಕ್ಚರನ್ನೂ ಅಲ್ಲಿ ಪಾಠವಾಗಿ ಕಲಿಸುತ್ತಾರೆ. ಹೊರಗೆ ನೋಂದಣಿ ಪತ್ರ ತೂಗುಹಾಕಿತ್ತು.

ಒಳಗೆ ಹೋಗಿ ಕೂತೆ. ಸೂಜಿ ಎಲ್ಲಿದೆ ಎಂದು ನನ್ನ ಕಣ್ಣು ಹುಡುಕುತ್ತಿತ್ತು. ಅವರು ಸೂಜಿಯ ಮಾತೇ ಎತ್ತಲಿಲ್ಲ. ನಿದ್ದೆ, ಹಸಿವೆ, ಮುಟ್ಟು ನಿಂತದ್ದು ಯಾವಾಗ, ಹೆರಿಗೆ ಎಷ್ಟು, ಯಾವ ಮಾತ್ರೆ ನಡೆಯುತ್ತಿದೆ, ನೋವು ಕಾಲಿಗೆ ಇಳಿಯುತ್ತದೆಯೇ, ಮೂತ್ರ ಹಿಡಿದುಕೊಳ್ಳಲು ಆಗುತ್ತದೆಯೇ, ಎಲ್ಲ ಕೇಳಿದರು. ಆಮೇಲೆ, ‘ಅಕ್ಕಾ, ನೀವು ಅಡಿಕೆ ಸುಲಿಯೋಕೆ ಕೂರೋದು ಹೇಗೆ, ಒಂದ್ಸಲ ತೋರಿಸಿ’ ಎಂದರು.

ನಾನು ಆಸ್ಪತ್ರೆಯ ನೆಲದ ಮೇಲೆ ಕೂತು ತೋರಿಸಿದೆ. ಎಡಗಾಲು ಮಡಚಿ, ಬಲಗಾಲಿನಿಂದ ಕತ್ತಿಯ ಮಣೆ ಒತ್ತಿ, ಎಡಕ್ಕೆ ಬುಟ್ಟಿ, ಬಲಕ್ಕೆ ಡಬ್ಬ. ಕತ್ತಿ ಇರಲಿಲ್ಲ, ಅಡಿಕೆ ಇರಲಿಲ್ಲ, ಕೈ ತಾನೇ ಹೋಯಿತು: ಎಡಕ್ಕೆ ಬಾಗಿ ತೆಗೆಯುವುದು, ನಡುವೆ ಸೀಳುವುದು, ಬಲಕ್ಕೆ ತಿರುಗಿ ಹಾಕುವುದು. ಅವರೂ ನನ್ನ ಪಕ್ಕ ನೆಲಕ್ಕೇ ಕೂತು ನೋಡಿದರು. ‘ರಾತ್ರಿಗೆ ಎಷ್ಟು ಸಲ ಹೀಗೆ ತಿರುಗ್ತೀರಿ?’ ನಾನು ಯಾವತ್ತೂ ಎಣಿಸಿರಲಿಲ್ಲ. ಒಂದು ಅಡಿಕೆಗೆ ಒಂದು ಸಲ ಎಂದರೂ ಒಂದು ರಾತ್ರಿಗೆ ಸಾವಿರಗಟ್ಟಲೆ. ಸೊಂಟ ಎಡದಿಂದ ಬಲಕ್ಕೆ ತಿರುಚಿಕೊಂಡು ಸಾವಿರಗಟ್ಟಲೆ ಸಲ. ನನ್ನ ನೋವಿಗೆ ಒಂದು ಕಾರಣ ಇದೆ ಎಂಬುದು ಆ ನೆಲದ ಮೇಲೆ ಕೂತಾಗ ಮೊದಲ ಸಲ ನನಗೆ ಹೊಳೆಯಿತು. ಅಲ್ಲಿಯವರೆಗೆ ಅದು ವಯಸ್ಸು, ಹೆಣ್ಣುಜನ್ಮ, ಹಣೆಬರಹ ಆಗಿತ್ತು.

ಆಮೇಲೆ ಮಂಚದ ಮೇಲೆ ಬೋರಲು ಮಲಗಿಸಿದರು. ಹೊಟ್ಟೆಯಡಿ ಒಂದು ದಿಂಬು. ಹೊರಗೆ ಆಷಾಢದ ಮಳೆ ಹೊಡೆಯುತ್ತಿತ್ತು. ಅವರು ಪೊಟ್ಟಣವನ್ನು ನನ್ನ ಕಣ್ಣಮುಂದೆ ಹಿಡಿದು ಹರಿದರು. ಪ್ರತಿ ಸೂಜಿಗೂ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ. ಸೂಜಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಾಲು ಮಿಲಿಮೀಟರ್ ದಪ್ಪ, ಅಷ್ಟೇ. ಇಂಜೆಕ್ಷನ್ ಸೂಜಿ ಇದರ ಎರಡು ಪಟ್ಟಿಗಿಂತ ದಪ್ಪ, ಅದಕ್ಕೆ ನಡುವೆ ತೂತು. ಇದಕ್ಕೆ ತೂತಿಲ್ಲ, ಇದರೊಳಗಿಂದ ಔಷಧಿ ಏನೂ ಹೋಗುವುದಿಲ್ಲ. ಬಾಗಿಸಿದರೆ ಬಾಗುತ್ತದೆ.

ಜಾಗ ಹುಡುಕಲು ಅವರು ಟೇಪು ತರಲಿಲ್ಲ. ನನ್ನದೇ ಬೆರಳಿನ ಅಗಲವನ್ನು ಅಳತೆಗೆ ಇಟ್ಟುಕೊಂಡರು. ಹೆಬ್ಬೆರಳಿನ ಅಗಲ ಒಂದು ಅಳತೆ, ನಾಲ್ಕು ಬೆರಳು ಸೇರಿದರೆ ಮೂರು. ಅವರ ಭಾಷೆಯಲ್ಲಿ ಅದು ‘ಸುನ್’. ಯಾರ ಮೈಯೋ ಅವರ ಬೆರಳೇ ಕೋಲು, ನಮ್ಮ ಹಳೆಯ ಅಂಗುಲದ ಹಾಗೆ. ಚೊಗರು ಹಿಡಿದು ಕಪ್ಪಾದ ನನ್ನ ಬೆರಳನ್ನು ಅವರು ಹಿಡಿದು ಅಳತೆ ನೋಡಿಕೊಂಡಾಗ ನನಗೆ ಸಂಕೋಚವಾಯಿತು. ಆಮೇಲೆ ಅವರ ಬೆರಳು ಸೊಂಟದ ಮೇಲೆ ಮೆಲ್ಲಗೆ ಒತ್ತುತ್ತಾ ಹೋಯಿತು. ನಾವು ಅಡಿಕೆಯನ್ನು ಕತ್ತಿಗೆ ಒಡ್ಡುವ ಮೊದಲು ಬೆರಳಲ್ಲೇ ಒಮ್ಮೆ ತಿರುಗಿಸಿ ತೊಟ್ಟು ಯಾವ ಕಡೆ ಎಂದು ತಿಳಿಯುತ್ತೇವಲ್ಲ, ಕಣ್ಣು ಹಾಯಿಸದೆ? ಹಾಗೆ. ‘ಇಲ್ಲಿ?’ ಎಂದರು. ಅಲ್ಲೇ. ಆರು ವರ್ಷದ ನೋವಿನ ನಡುಬಿಂದು ಅವರ ಬೆರಳ ತುದಿಯಡಿ ಇತ್ತು.

ಕೊಳವೆ ಇಟ್ಟು ಮೇಲಿಂದ ಬೆರಳಲ್ಲಿ ಒಂದು ತಟ್ಟು. ಚರ್ಮಕ್ಕೆ ಸೊಳ್ಳೆ ಕೂತಷ್ಟು ಗೊತ್ತಾಯಿತು. ಕೊಳವೆ ತೆಗೆದು ಸೂಜಿಯನ್ನು ಇನ್ನೂ ಸ್ವಲ್ಪ ಒಳಗೆ ಬಿಟ್ಟು ಮೆಲ್ಲಗೆ ತಿರುಗಿಸಿದಾಗ ಬೇರೆಯೇ ಒಂದು ಅನುಭವ. ಚುಚ್ಚಿದ ನೋವಲ್ಲ ಅದು, ಒಂದು ಭಾರವಾದ ಜೋಮು. ಒಳಗಿನ ಮಾಂಸವನ್ನು ಯಾರೋ ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ಹಿಂಡಿದ ಹಾಗೆ. ಚೀನೀಯರು ಇದನ್ನು ‘ಡೆ ಚಿ’ ಎನ್ನುತ್ತಾರೆ, ಇದು ಬಂದರೆ ಸೂಜಿ ಸರಿಯಾಗಿ ಕೂತಿತೆಂದು ಲೆಕ್ಕ. ಸೊಂಟದ ಎರಡೂ ಬದಿ, ಮಂಡಿಯ ಹಿಂದಿನ ಮಡಿಕೆ, ಹೊರಗಿನ ಹರಡಿನ ಹಿಂದೆ, ಒಟ್ಟು ಹತ್ತು ಸೂಜಿ. ಮಂಡಿಯ ಹಿಂದೆ ಚುಚ್ಚಿದಾಗ ಕಾಲು ಒಮ್ಮೆ ಜುಮ್ಮೆಂದಿತು. ಉಳಿದದ್ದೆಲ್ಲ ತಡೆಯುವಂಥದ್ದೇ.

ಸೊಂಟ ನೋಯುವಾಗ ಕಾಲಿಗೆ ಯಾಕೆ ಎಂದು ಕೇಳಿದೆ. ಚೀನಾದ ಹಳೆಯ ವೈದ್ಯದ ಪ್ರಕಾರ ಮೈಯಲ್ಲಿ ‘ಚಿ’ ಎಂಬ ಪ್ರಾಣಶಕ್ತಿ ಹರಿಯುವ ದಾರಿಗಳಿವೆ. ಅದರಲ್ಲೊಂದು ಕಣ್ಣಿನ ಒಳತುದಿಯಿಂದ ಹೊರಟು ತಲೆ ದಾಟಿ, ಬೆನ್ನಿನುದ್ದ ಇಳಿದು, ಮಂಡಿಯ ಹಿಂದಿನಿಂದ ಕಾಲಿನ ಕಿರುಬೆರಳು ಮುಟ್ಟುತ್ತದೆ. ಆ ಒಂದೇ ದಾರಿಯಲ್ಲಿ 67 ಬಿಂದು, ಮೈಯಲ್ಲೆಲ್ಲ ಸೇರಿ 361. ಹರಡಿನ ಹಿಂದೆ ಚುಚ್ಚಿದ ಬಿಂದುವಿಗೆ ಕುನ್‌ಲುನ್ ಎಂಬ ಬೆಟ್ಟದ ಸಾಲಿನ ಹೆಸರು. ಮಂಡಿಚಿಪ್ಪಿನ ಕೆಳಗಿನ ಒಂದು ತಗ್ಗಿಗೆ ‘ಕರುವಿನ ಮೂಗು’ ಎಂದು ಹೆಸರಂತೆ. ಹೆಸರಿಟ್ಟವರೂ ಕೊಟ್ಟಿಗೆ ಕಂಡವರೇ ಇರಬೇಕು. ಆ ದಾರಿಗಳನ್ನು ಮೈ ಸೀಳಿ ನೋಡಿದರೆ ನರ, ರಕ್ತನಾಳಗಳ ಹಾಗೆ ಕಾಣುವುದಿಲ್ಲ, ಅದು ಹಳಬರು ಮೈಯನ್ನು ಅರ್ಥಮಾಡಿಕೊಂಡ ಬಗೆ ಎಂದೂ ಡಾಕ್ಟರ್ ಹೇಳಿದರು. ಮುಚ್ಚಿಡದೆ ಹೇಳಿದ್ದರಿಂದ ನನಗೆ ಅವರ ಮೇಲೆ ನಂಬಿಕೆ ಹೆಚ್ಚಾಯಿತು.

ಅವರು ದೀಪ ಸಣ್ಣ ಮಾಡಿ, ಕೈಗೆ ಒಂದು ಕರೆಗಂಟೆ ಕೊಟ್ಟು ಹೋದರು. ಇಪ್ಪತ್ತೈದು ನಿಮಿಷ. ಹಗಲು ಹೊತ್ತಿನಲ್ಲಿ, ಜ್ವರವಿಲ್ಲದೆ, ಯಾರ ಕರೆಯೂ ಇಲ್ಲದೆ ಇಪ್ಪತ್ತೈದು ನಿಮಿಷ ಸುಮ್ಮನೆ ಮಲಗಿದ್ದು ನನಗೆ ನೆನಪೇ ಇಲ್ಲ. ಮಳೆಯ ಸದ್ದು ಕೇಳುತ್ತಾ ನಿದ್ದೆ ಹತ್ತಿತು. ಎದ್ದಾಗ ತಲೆ ಸ್ವಲ್ಪ ಹಗುರಾಗಿ ತೂಗಿದಂತಾಯಿತು. ಹತ್ತು ನಿಮಿಷ ಕೂರಿಸಿ, ನೀರು ಕುಡಿಸಿ ಕಳಿಸಿದರು. ಸೊಂಟದ ಮೇಲೆ ಒಂದು ಕಡೆ ಅಡಿಕೆಯಷ್ಟು ದೊಡ್ಡ ನೀಲಿ ಕಲೆ ಆಯಿತು, ನಾಲ್ಕು ದಿನಕ್ಕೆ ಹೋಯಿತು.

ಊರಿಗೆ ಬಂದ ಮೇಲೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಪುಸ್ತಕಗಳಲ್ಲಿ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಚೀನೀ ವೈದ್ಯ ಗ್ರಂಥ ‘ಹುವಾಂಗ್‌ಡಿ ನೇಯ್‌ಜಿಂಗ್’ನಲ್ಲಿ ಸೂಜಿ ಚಿಕಿತ್ಸೆಯ ವಿವರವಿದೆ. ಅದೇ ಚೀನಾದಲ್ಲಿ 1822ರಲ್ಲಿ ಚಕ್ರವರ್ತಿಯೊಬ್ಬ ಅರಮನೆಯ ವೈದ್ಯಶಾಲೆಯಿಂದ ಇದನ್ನು ಹೊರಗೆ ಹಾಕಿಸಿದ. ಆಮೇಲೆ ಮತ್ತೆ ಜೀವ ಬಂತು. ನಮ್ಮ ದೇಶಕ್ಕೆ ತಂದವರು ಡಾ. ಬಿ.ಕೆ. ಬಸು. 1938ರಲ್ಲಿ ಯುದ್ಧದಲ್ಲಿ ಗಾಯಗೊಂಡವರ ಸೇವೆಗೆಂದು ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರೂ ಒಬ್ಬರು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೊಟ್ನಿಸ್ ಅದೇ ತಂಡದಲ್ಲಿ ಹೋಗಿ 1942ರಲ್ಲಿ ಅಲ್ಲೇ ತೀರಿಕೊಂಡರು. ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಕೋಲ್ಕತ್ತದಲ್ಲಿ ಶುರುಮಾಡಿದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿತು.

ಓದಿದ್ದರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದವನು ಸುಗಿಯಾಮಾ ವಾಯಿಚಿ. 17ನೇ ಶತಮಾನದ ಜಪಾನಿನವನು, ಕಣ್ಣು ಕಾಣದವನು. ಆ ಪುಟ್ಟ ಕೊಳವೆಯನ್ನು ಬಳಕೆಗೆ ತಂದದ್ದು ಅವನು. ದಾರಿಯಲ್ಲಿ ಎಡವಿ ಬಿದ್ದಾಗ ಕೊಳವೆಯಂಥದ್ದರೊಳಗೆ ಸಿಕ್ಕಿದ್ದ ಪೈನ್ ಮರದ ಸೂಜಿಯೆಲೆ ಚುಚ್ಚಿ ಅವನಿಗೆ ಇದು ಹೊಳೆಯಿತೆಂದು ಕತೆ ಹೇಳುತ್ತಾರೆ. ಕತೆ ಹೇಗೇ ಇರಲಿ, ಸೂಜಿ ನೋಯದಂತೆ ಚರ್ಮ ದಾಟಿಸುವ ಉಪಾಯ ಕಂಡುಹಿಡಿದದ್ದು ಕೈಯಿಂದಲೇ ಲೋಕ ತಿಳಿದ ಒಬ್ಬ ಮನುಷ್ಯ. ರಾತ್ರಿ ಮಂದ ಬೆಳಕಿನಲ್ಲಿ, ಕತೆ ಹೇಳುತ್ತಾ, ಕತ್ತಿಯ ಕಡೆ ನೋಡದೆ ಸುಲಿಯುವ ನಮಗೆ ಆ ಕೈಯ ತಿಳಿವು ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ? ಇದಕ್ಕೆ ನನ್ನ ಒಬ್ಬಳ ಮಾತು ಸಾಲದು. ಜರ್ಮನಿಯಲ್ಲಿ ಸರಾಸರಿ ಎಂಟು ವರ್ಷದಿಂದ ಸೊಂಟನೋವಿದ್ದ 1162 ಜನರನ್ನು ಮೂರು ಗುಂಪು ಮಾಡಿ ಪರೀಕ್ಷೆ ನಡೆಸಿದರು. 2007ರಲ್ಲಿ ಅದರ ಲೆಕ್ಕ ಹೊರಬಂತು. ಒಂದು ಗುಂಪಿಗೆ ಚೀನೀ ಪದ್ಧತಿಯ ಸರಿಯಾದ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದುವಲ್ಲದ ಕಡೆ, ಮೇಲೆ ಮೇಲೆ ಮಾತ್ರ ಚುಚ್ಚಿದ ಸೂಜಿ. ಮೂರನೆಯದಕ್ಕೆ ಗುಳಿಗೆ, ವ್ಯಾಯಾಮ, ಫಿಸಿಯೋಥೆರಪಿ. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ನೂರಕ್ಕೆ 47.6 ಜನ ಸುಧಾರಿಸಿದ್ದರು. ಎರಡನೆಯದರಲ್ಲಿ 44.2. ಮೂರನೆಯದರಲ್ಲಿ 27.4.

ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ನಾನು ಹಲವು ದಿನ ಓಡಾಡಿದೆ. ಸರಿಯಾದ ಬಿಂದುವಿಗೂ ತಪ್ಪು ಬಿಂದುವಿಗೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಎರಡು ಬಗೆಯ ಸೂಜಿಯೂ ಗುಳಿಗೆ, ವ್ಯಾಯಾಮಕ್ಕಿಂತ ಎಷ್ಟೋ ಮೇಲು. ಇಂಥವೇ ಲೆಕ್ಕಗಳನ್ನು ನೋಡಿ ದೇಶಗಳೂ ಬೇರೆಬೇರೆ ತೀರ್ಮಾನಕ್ಕೆ ಬಂದವು. ಬ್ರಿಟನ್ನಿನ ಆರೋಗ್ಯ ಸಂಸ್ಥೆ ‘ನೈಸ್’ ಸೊಂಟನೋವಿಗೆ ಅಕ್ಯುಪಂಕ್ಚರ್ ಆಗಬಹುದೆಂದು 2009ರಲ್ಲಿ ಹೇಳಿ, ತಪ್ಪು ಬಿಂದುವಿನ ಸೂಜಿಗಿಂತ ಹೆಚ್ಚಿನದು ಏನಿಲ್ಲವೆಂದು 2016ರಲ್ಲಿ ಕೈಬಿಟ್ಟಿತು. ಅಮೆರಿಕದ ವೈದ್ಯರ ಸಂಘ 2017ರಲ್ಲಿ ದೀರ್ಘಕಾಲದ ಸೊಂಟನೋವಿಗೆ ಗುಳಿಗೆಗಿಂತ ಮೊದಲು ನೋಡಬಹುದಾದ ದಾರಿಗಳಲ್ಲಿ ಇದನ್ನೂ ಸೇರಿಸಿತು. ಹಿರಿಯರಿಗಾಗಿ ಇರುವ ಅಲ್ಲಿನ ಸರ್ಕಾರಿ ವಿಮೆ 2020ರಿಂದ ಸೊಂಟನೋವಿಗೆ ಇದರ ಖರ್ಚು ಕೊಡುತ್ತಿದೆ.

ನನಗೆ ತೋಚಿದ್ದು ಎರಡು. ಒಂದು, ‘ಗುಟ್ಟಿನ ಬಿಂದು ನನಗೊಬ್ಬನಿಗೇ ಗೊತ್ತು’ ಎಂದು ಹೇಳಿ ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಡಿ. ನಮ್ಮ ಆಯುರ್ವೇದದ ಮರ್ಮಸ್ಥಾನಗಳೇ ಇವೆಲ್ಲ ಎಂದು ಹೇಳುವವರಿಗೂ ಒಂದು ಮಾತು ಹೇಳಿ. ಸುಶ್ರುತ 107 ಮರ್ಮಗಳನ್ನು ಹೇಳಿದ್ದು ಶಸ್ತ್ರ ತಾಗದಂತೆ ಕಾಯಬೇಕಾದ ಜಾಗಗಳೆಂದು. ಎರಡು, ಎಂಟು ವರ್ಷ ನೋವು ತಿಂದು, ‘ಇನ್ನು ಇದರ ಜೊತೆ ಬಾಳಬೇಕು’ ಎಂದುಕೊಂಡಿದ್ದವರಲ್ಲಿ ಅರ್ಧದಷ್ಟು ಜನಕ್ಕೆ ಹಗುರಾಗಿದೆ. ವಾರಕ್ಕೆ ಎರಡು ಸಲ ಅರ್ಧ ಗಂಟೆ ಮಲಗಿದ್ದಕ್ಕೆ, ಯಾರೋ ನೋವಿನ ಜಾಗ ಕೇಳಿ, ಮುಟ್ಟಿ, ಸೂಜಿ ಇಟ್ಟದ್ದಕ್ಕೆ. ಸೂಜಿ ತಾಗಿದಾಗ ಮೈ ತನ್ನದೇ ನೋವು ನಿವಾರಕಗಳನ್ನು ಬಿಡುತ್ತದೆಂದು ವಿಜ್ಞಾನಿಗಳು 1970ರ ದಶಕದಿಂದ ಹೇಳುತ್ತಿದ್ದಾರೆ. ಅದರ ಪಾಲಿದೆ. ಮುಟ್ಟಿದ ಕೈಯ ಪಾಲೂ ಇದೆ ಎಂದು ನನ್ನ ಮನಸ್ಸು ಹೇಳುತ್ತದೆ.

ಮೊದಲ ಸಲ ಸೂಜಿ ಹಾಕಿಸಿಕೊಂಡು ಬಂದ ರಾತ್ರಿ ಮಲಗಿ ಯೋಚಿಸಿದೆ. ನನ್ನ ಸೊಂಟವನ್ನು ಇದಕ್ಕೂ ಮೊದಲು ಯಾರಾದರೂ ಮುಟ್ಟಿ, ‘ಇಲ್ಲಿ ನೋಯುತ್ತಾ’ ಎಂದು ಕೇಳಿದ್ದು ಯಾವಾಗ? ಬಾಣಂತನದಲ್ಲಿ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವಾಗ ನನ್ನ ಆಯಿ. ಇಪ್ಪತ್ತಾರು ವರ್ಷದ ಹಿಂದೆ. ಆಮೇಲೆ ಯಾರೂ ಇಲ್ಲ. ತಂಗಿಯಂದಿರೇ, ನೀವೂ ಒಮ್ಮೆ ನೆನೆದು ನೋಡಿ. ನಮ್ಮ ನೋವಿನ ಲೆಕ್ಕ ಸುಲಿದ ಡಬ್ಬದ ಲೆಕ್ಕದಂತೆ ಯಾರೂ ಬರೆದಿಡುವುದಿಲ್ಲ, ನಾವೂ ಬರೆದಿಡುವುದಿಲ್ಲ.

ನನಗೇನಾಯಿತು ಎಂದು ಹೇಳುತ್ತೇನೆ. ಮೊದಲ ದಿನ ನೋವು ಹಾಗೇ ಇತ್ತು, ನಿದ್ದೆ ಮಾತ್ರ ಚೆನ್ನಾಗಿ ಬಂತು. ನಾಲ್ಕನೇ ಸಲದ ನಂತರ ಬೆಳಿಗ್ಗೆ ಗೋಡೆ ಹಿಡಿಯದೆ ಎದ್ದೆ. ಐದು ವಾರದಲ್ಲಿ ಹತ್ತು ಸಲ ಮಾಡಿಸಿಕೊಂಡೆ. ಹತ್ತಕ್ಕೆ ಏಳು ಇದ್ದ ನೋವು ಮೂರೋ ನಾಲ್ಕೋ ಆಗಿದೆ. ಪೂರ್ತಿ ಹೋಗಿಲ್ಲ. ಅವರು ಹೇಳಿಕೊಟ್ಟ ವ್ಯಾಯಾಮವನ್ನು ಬೆಳಿಗ್ಗೆ ಹದಿನೈದು ನಿಮಿಷ ಮಾಡುತ್ತೇನೆ, ಬಿಟ್ಟ ವಾರ ನೋವು ಏರುತ್ತದೆ. ಸೂಜಿಯೋ, ವ್ಯಾಯಾಮವೋ, ಮಳೆಗಾಲದ ಬಿಡುವೋ, ಯಾವುದರಿಂದ ಎಷ್ಟು ಇಳಿಯಿತೆಂದು ಬಿಡಿಸಿ ಹೇಳಲು ಬರುವುದಿಲ್ಲ. ಮಾರ್ಚಿನಿಂದ ಒಂದೇ ಒಂದು ನೋವಿನ ಗುಳಿಗೆ ತಿಂದಿಲ್ಲ ಎಂಬುದನ್ನು ಖಂಡಿತ ಹೇಳಬಲ್ಲೆ. ಒಂದು ಸಲಕ್ಕೆ 300 ರೂಪಾಯಿ ಆಯಿತು. ಬಸ್ಸಿನ ಖರ್ಚು ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆಯಿಂದ ಉಳಿಯಿತು.

ಹೋಗುವುದಾದರೆ ಕೆಲವು ವಿಷಯ ಸೆರಗಿಗೆ ಗಂಟು ಹಾಕಿಕೊಳ್ಳಿ. ಮೊದಲು ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಸೂಜಿಯ ಕಡೆ ತಲೆಹಾಕಬೇಡಿ. ಅದು ಆಸ್ಪತ್ರೆಗೆ ಅವತ್ತೇ ಹೋಗಬೇಕಾದ ನೋವು. ಚಿಕಿತ್ಸೆ ಕೊಡುವವರು ಏನು ಓದಿದ್ದಾರೆ, ನೋಂದಣಿ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕ್ಲಿನಿಕ್ಕಿನ ಕೆ.ಪಿ.ಎಂ.ಇ., ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲಿರಬೇಕು. ಕೇಳಿದರೆ ಬೇಸರಪಡುವವರ ಹತ್ತಿರ ಹೋಗುವ ಅಗತ್ಯವಿಲ್ಲ.

ಸೂಜಿಯ ಪೊಟ್ಟಣ ನಿಮ್ಮ ಕಣ್ಣಮುಂದೆ ಹರಿಯಬೇಕು, ಒಮ್ಮೆ ಬಳಸಿದ ಸೂಜಿ ನೇರ ಬಿಸಾಡುವ ಡಬ್ಬಿಗೆ ಹೋಗಬೇಕು. ಬಸುರಿಯಾಗಿದ್ದರೆ ಮೊದಲೇ ಹೇಳಿ, ಕೈಯ ಹೆಬ್ಬೆರಳು-ತೋರುಬೆರಳ ನಡುವಿನ ಬಿಂದು, ಒಳಹರಡಿನ ಮೇಲಿನ ಬಿಂದು ಇಂಥವನ್ನು ಬಸುರಿನಲ್ಲಿ ಚುಚ್ಚದೆ ಬಿಡುತ್ತಾರೆ. ರಕ್ತ ತೆಳುಮಾಡುವ ಮಾತ್ರೆ ನಡೆಯುತ್ತಿದ್ದರೆ, ಎದೆಗೆ ಪೇಸ್‌ಮೇಕರ್ ಹಾಕಿದ್ದರೆ ಅದನ್ನೂ ಹೇಳಿ. ಸೂಜಿಗೆ ಕರೆಂಟು ಕೊಡುವ ಪದ್ಧತಿ ಪೇಸ್‌ಮೇಕರ್ ಇದ್ದವರಿಗೆ ಸಲ್ಲದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆಸುತ್ತು ಬರುತ್ತದೆ. ಜರ್ಮನಿಯಲ್ಲೇ 2,29,230 ಜನರನ್ನು ಗಮನಿಸಿದಾಗ ನೂರಕ್ಕೆ 8.6 ಜನರಿಗೆ ರಕ್ತ ಹೆಪ್ಪುಗಟ್ಟಿದ ಕಲೆ, ನೋವು ಇಂಥ ಏನಾದರೊಂದು ತೊಂದರೆ ಆಗಿತ್ತು. ಹೆಚ್ಚಿನವು ಸಣ್ಣವು. ಎದೆಯ ಮೇಲೆ, ಭುಜದ ಮೇಲೆ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುವ ಅಪಾಯವೂ ಇದೆ, ಅಪರೂಪಕ್ಕೆ. ಶರೀರ ರಚನೆ ಓದಿದ ಕೈಗೇ ಮೈ ಒಪ್ಪಿಸಬೇಕು ಎನ್ನುವುದು ಅದಕ್ಕೇ. ಇನ್ನು ಬಿ.ಪಿ., ಸಕ್ಕರೆ, ಥೈರಾಯ್ಡ್ ಮಾತ್ರೆ ಬಿಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆರೆಂಟು ಸಲದ ನಂತರವೂ ಏನೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಆ ದುಡ್ಡು ಉಳಿಯಲಿ.

ಸೂಜಿಗಿಂತ ಮುಖ್ಯವಾದ ಮಾತೊಂದು ಉಳಿಯಿತು. ಕೊನೆಯ ದಿನ ಡಾಕ್ಟರ್ ಹೇಳಿದರು: ‘ಅಕ್ಕಾ, ನಾನು ಹತ್ತು ಸಲ ಬಿಚ್ಚಿದ ಗಂಟನ್ನು ನೀವು ಮತ್ತೆ ಮೂರು ತಿಂಗಳು ಅದೇ ಮಣೆಯಲ್ಲಿ ಕೂತು ಕಟ್ಟಿಕೊಂಡರೆ ನನ್ನ ಸೂಜಿ ಏನು ಮಾಡೀತು?’ ಅದಕ್ಕೆ ಈ ಸಲ ನಾನು ಒಂದು ಗೇಣು ಎತ್ತರದ ಮಣೆ ಮಾಡಿಸಿದ್ದೇನೆ, ಅದರ ಮೇಲೆ ಕೂರುತ್ತೇನೆ. ಅಡಿಕೆ ಬುಟ್ಟಿಯನ್ನು ಪಕ್ಕದಿಂದ ಮುಂದಕ್ಕೆ ತರುತ್ತೇನೆ, ಡಬ್ಬವನ್ನೂ ಕೈಗೆ ನೇರ ಸಿಗುವಲ್ಲಿ ಇಡುತ್ತೇನೆ, ತಿರುಚುವುದು ಅಷ್ಟಾದರೂ ಕಡಿಮೆಯಾಗಲಿ. ಗಂಟೆಗೊಮ್ಮೆ ಎದ್ದು ಚಪ್ಪರದ ಸುತ್ತ ಒಂದು ಸುತ್ತು ಬರುತ್ತೇನೆ. ನಾನು ಎದ್ದಾಗ ನೀವೂ ಏಳಿ. ಒಬ್ಬಳೇ ಎದ್ದರೆ ಸೋಮಾರಿ ಎನ್ನಿಸಿಕೊಳ್ಳುತ್ತಾಳೆ, ಎಲ್ಲರೂ ಎದ್ದರೆ ಅದೇ ಪದ್ಧತಿಯಾಗುತ್ತದೆ. ಒಂದು ರಾತ್ರಿಗೆ ಅರ್ಧ ಡಬ್ಬದ ಕೂಲಿ ಕಡಿಮೆಯಾದರೆ ಆಗಲಿ. ಮೆಡಿಕಲ್ ಶಾಪಿಗೆ ಕೊಡುವ ದುಡ್ಡು ಅದಕ್ಕಿಂತ ಹೆಚ್ಚಿದೆ, ಲೆಕ್ಕ ಹಾಕಿ ನೋಡಿದ್ದೇನೆ. ತೋಟದ ಮನೆಯವರಿಗೂ ಇದನ್ನೇ ಹೇಳೋಣ. ಅವರ ಮನೆಯ ಹೆಂಗಸರೂ ನಮ್ಮ ಪಕ್ಕದಲ್ಲೇ ಕೂತು ಸುಲಿಯುತ್ತಾರೆ, ಅವರಿಗೂ ಸೊಂಟವಿದೆ.

ಬುಧವಾರ ಬೆಳಿಗ್ಗೆ ಎಂಟೂಕಾಲಿನ ಬಸ್ಸಿಗೆ ನಾನು ಪೇಟೆಗೆ ಹೋಗುತ್ತೇನೆ. ಸುಗ್ಗಿಗೆ ಮೊದಲು ಒಮ್ಮೆ ತೋರಿಸಿಕೊಂಡು ಬರಲು. ಬರುವವರು ಬನ್ನಿ. ಸೂಜಿ ಬೇಡದವರೂ ಬರಬಹುದು, ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿಕೊಂಡು, ರಕ್ತ ಪರೀಕ್ಷೆ ಮಾಡಿಸಿಕೊಂಡು ಒಟ್ಟಿಗೆ ಬರೋಣ. ಹೆದರಿಕೆ ಇದ್ದವರ ಕೈ ಹಿಡಿದು ನಾನು ಮಂಚದ ಪಕ್ಕ ಕೂರುತ್ತೇನೆ. ಅಲ್ಲಿ ನಿಮ್ಮನ್ನೂ ಯಾರಾದರೂ ‘ಇಲ್ಲಿ ನೋಯುತ್ತಾ’ ಎಂದು ಕೇಳಲಿ. ಆ ಪ್ರಶ್ನೆಗೆ ನಗದೆ ಉತ್ತರ ಕೊಡಿ.

ಸುಗ್ಗಿಯಲ್ಲಿ ಚಪ್ಪರದಡಿ ಸಿಗೋಣ.

ನಿಮ್ಮ ಸಾಲಿನಲ್ಲೇ ಕೂರುವ
ಗ್ರಂಥಾಲಯದ ಅಕ್ಕ